ಪದ ಎಣಿಸುತ್ತಿದ್ದ ಮೇಡಂ

ಅವರು ಮಕ್ಕಳಿಗೆ ಮಾಡಿಕೊಡುತ್ತಿದ್ದ ಕಾಗದದ ದೋಣಿಗೆ ಕಾಲುಗಳಿರುತ್ತಿದ್ದವು. ಬೇಕೆಂದೇ ಇಡುತ್ತಿದ್ದರು. ತುಮಕೂರಿನಿಂದ ಗುಬ್ಬಿ ಕಡೆಗೆ ಹೋಗುವ ಬೆಳಗಿನ ಬಸ್ಸಿನಲ್ಲಿ ಯಾವುದಾದರೂ ಮಗು ರಚ್ಚೆ ಹಿಡಿದು ಅಳುತ್ತಿದ್ದರೆ, ಇವರು ತಮ್ಮ ಚೀಲದಿಂದ ಒಂದು ಹಾಳೆ ತೆಗೆದು "ಏನ್ ಮಾಡ್ಕೊಡ್ಲಿ ಪುಟ್ಟಾ?" ಎನ್ನುತ್ತಿದ್ದರು. ಮಗು ಬಿಕ್ಕುತ್ತಾ "ದೋಣಿ" ಅನ್ನುತ್ತಿತ್ತು. ತೊಡೆಯ ಮೇಲೆ ಹಾಳೆಯಿಟ್ಟು ಮಡಚಿ, ಕೊನೆಗೆ ಎರಡು ಚೂರು ಕಾಗದವನ್ನು ಕಾಲಿನ ಹಾಗೆ ಸಿಕ್ಕಿಸಿ ಕೊಡುತ್ತಿದ್ದರು. ಮಗುವಿನ ಅಳು ಅಲ್ಲಿಗೇ ನಿಲ್ಲುತ್ತಿತ್ತು.

"ಕಾಲ್ಯಾಕೆ?"

"ಯಾಕೆ? ನಿಮ್ಮೂರ್ ಕೆರೇಲಿ ದೋಣಿ ನಡ್ಕೊಂಡ್ ಹೋಗಲ್ವಾ?"

"ಇಲ್ಲ! ದೋಣಿ ನೀರಲ್ಲಿ ತೇಲುತ್ತೆ. ನಡಿಯೋದು ಬಾತುಕೋಳಿ!"

ಆಗ ನನ್ನ ಕಡೆ ತಿರುಗಿ, ಮಡಚಿದ ಬೆರಳುಗಳನ್ನು ಎತ್ತಿ ತೋರಿಸುತ್ತಿದ್ದರು. "ಆರು ಪದ ಕಣೇ. ಈಗ ತಾನೆ ಒಂದೇ ಇತ್ತು."

ಇದು ಅವರ ವಿದ್ಯೆ. ತಪ್ಪು ಮಾಡಿ ತೋರಿಸಿದರೆ ಮಗು ತಿದ್ದದೆ ಸುಮ್ಮನಿರಲಾರದು, ತಿದ್ದಬೇಕಾದರೆ ಮಾತಾಡಲೇಬೇಕು. ಗುಬ್ಬಿ ತಾಲ್ಲೂಕಿನ ಒಂದು ಹಳ್ಳಿಯ ಸರ್ಕಾರಿ ಶಾಲೆಯಲ್ಲಿ ಅವರು ಒಂದರಿಂದ ಮೂರನೇ ತರಗತಿ ನೋಡಿಕೊಳ್ಳುತ್ತಿದ್ದರು. ನಾನು ದೊಡ್ಡ ತರಗತಿಗಳಿಗೆ ವಿಜ್ಞಾನ ಹೇಳುತ್ತಿದ್ದೆ. ಇಬ್ಬರೂ ತುಮಕೂರಿನವರು, ದಿನಾ ಒಂದೇ ಬಸ್ಸು. ವಯಸ್ಸಿನಲ್ಲಿ ನನಗಿಂತ ತುಂಬಾ ದೊಡ್ಡವರು. ಹೋದ ವರ್ಷ ತೀರಿಕೊಂಡರು. ಅವರ ಹೆಸರು ಇಲ್ಲಿ ಬರೆಯುವುದಿಲ್ಲ. ಊರಿನ ಹೆಸರೂ ಬೇಡ. ಇದರಲ್ಲಿ ಬರುವ ಹುಡುಗಿಯನ್ನು ಧನ್ಯ ಎಂದು ಕರೆಯುತ್ತೇನೆ, ಅವಳ ಹೆಸರು ಅದಲ್ಲ. ಬರೆಯಲೇ ಎಂದು ಅವಳನ್ನೂ ಅವಳ ತಾಯಿಯನ್ನೂ ಕೇಳಿದೆ. ತಾಯಿ "ಕೇಳಿದ್ರಲ್ಲ, ಬರೀರಿ" ಅಂದರು.

ಮೇಡಂ ಅವರ ಯಜಮಾನರು ತುಮಕೂರಿನಲ್ಲಿ ಜೆರಾಕ್ಸ್ ಅಂಗಡಿ ಇಟ್ಟಿದ್ದರು. ಒಂದು ಕಡೆ ಹಾಳಾದ ಹಾಳೆಗಳೆಲ್ಲ ನಮ್ಮ ಶಾಲೆಗೆ ಬರುತ್ತಿದ್ದವು. ಮಕ್ಕಳು ಮಾಡಿದ ಗಿಳಿಯ ರೆಕ್ಕೆಯ ಮೇಲೆ ಯಾರದೋ ಜಮೀನಿನ ಚೆಕ್ಕುಬಂದಿ ಇರುತ್ತಿತ್ತು. ಮೇಡಂ ತರಗತಿಯ ಪಕ್ಕದಲ್ಲಿ ಹಾದುಹೋದರೆ ಸಂತೆಯ ಗಲಾಟೆ. ಇಬ್ಬರು ಮಕ್ಕಳನ್ನು ಬೆನ್ನಿಗೆ ಬೆನ್ನು ಹಚ್ಚಿ ಕೂರಿಸುತ್ತಿದ್ದರು. ಒಬ್ಬ ಹೇಳಬೇಕು, ಇನ್ನೊಬ್ಬ ತಿರುಗಿ ನೋಡದೆ ಅವನು ಹೇಳಿದ ಹಾಗೆ ಮಡಚಬೇಕು.

"ಮೇಲಕ್ ಮಡಚ್ಲಾ!"

"ಯಾವ್ ಮೇಲಕ್ಲಾ? ಇಲ್ ನಾಲ್ಕ್ ಮೇಲಕೈತೆ!"

"ನಿನ್ ಹೊಟ್ಟೆ ಕಡೆ ಇರೋ ಅಂಚ್ನ ಆಚೆ ಕಡೆ ಅಂಚಿಗೆ ಸೇರ್ಸು!"

"ಹಂಗ್ ಹೇಳು ಮತ್ತೆ!"

ಬಿದರೆಹಳ್ಳ ಕಾವಲ್‌ನ ಹೆಲಿಕಾಪ್ಟರ್ ಕಾರ್ಖಾನೆ ಕಡೆಯಿಂದ ಹೆಲಿಕಾಪ್ಟರ್ ಹಾರಿ ಬಂದರೆ ಬೇರೆ ತರಗತಿಗಳಲ್ಲಿ ಮಕ್ಕಳನ್ನು ಹಿಡಿದು ಕೂರಿಸುವುದೇ ಕಷ್ಟ. ಇವರು ತಾವೇ ಎಲ್ಲರನ್ನೂ ಹೊರಗೆ ಕರೆದುಕೊಂಡು ಹೋಗಿ ತೋರಿಸಿ, ಒಳಗೆ ಬಂದು ಕಾಗದದ ಪಟ್ಟಿಯಲ್ಲಿ ಹೆಲಿಕಾಪ್ಟರ್ ಮಾಡಿಸುತ್ತಿದ್ದರು. ಬೆಂಚಿನ ಮೇಲೆ ನಿಂತು ಬಿಡಬೇಕು, ಅದು ನೆಲ ಮುಟ್ಟುವುದರೊಳಗೆ ಅದು ಏನು ಮಾಡುತ್ತಿದೆ ಎಂದು ಹೇಳಿ ಮುಗಿಸಬೇಕು. ಸುತ್ತುತ್ತೆ, ಗಿರಗಿರ ಅನ್ನುತ್ತೆ, ಓಲಾಡುತ್ತೆ, ಬಗ್ಗುತ್ತೆ, ಬೀಳುತ್ತೆ. ಇವರು ಪಕ್ಕದಲ್ಲಿ ನಿಂತು ಬೆರಳು ಮಡಚುತ್ತಾ ಹೋಗುತ್ತಿದ್ದರು. "ಕೈಗೆ ಕೆಲಸ ಇದ್ರೆ ಬಾಯಿಗೆ ಭಯ ಇರಲ್ಲ ಕಣೇ" ಎನ್ನುವುದು ಅವರ ಮಾತು. ಅದು ನಿಜವೂ ಆಗಿತ್ತು. ಮನೆಯಲ್ಲಿ ಬೇರೆ ಭಾಷೆಯಾಡುವ ಮಕ್ಕಳು, ತೊದಲುವ ಮಕ್ಕಳು, ಯಾರೇ ಇರಲಿ, ಅವರ ಕೈಗೆ ಸಿಕ್ಕರೆ ವರ್ಷದೊಳಗೆ ವಾಚಾಳಿಗಳಾಗುತ್ತಿದ್ದರು. ನಾಲ್ಕನೇ ತರಗತಿಯ ಮೇಷ್ಟ್ರು ಅದನ್ನೇ ದೂರುತ್ತಿದ್ದರು.

ಧನ್ಯ ಎರಡನೇ ತರಗತಿಗೆ ಹೊಸದಾಗಿ ಬಂದು ಸೇರಿದಳು. ಅವಳ ತಂದೆ ಲಾರಿ ಡ್ರೈವರ್. ಉತ್ತರದ ಕಡೆ ಲೋಡ್ ಹೋದರೆ ವಾರಗಟ್ಟಲೆ ಬರುತ್ತಿರಲಿಲ್ಲ. ತಾಯಿ ಗಾರ್ಮೆಂಟ್ಸ್ ಫ್ಯಾಕ್ಟರಿಗೆ ಹೋಗುತ್ತಿದ್ದರು. ಬೆಳಿಗ್ಗೆ ಫ್ಯಾಕ್ಟರಿಯ ವ್ಯಾನು ಊರ ಮುಂದೆ ಬಂದು ಕರೆದುಕೊಂಡು ಹೋಗುತ್ತಿತ್ತು. ಹುಡುಗಿ ಶಾಲೆಯಲ್ಲಿ ಒಂದು ಮಾತೂ ಆಡುತ್ತಿರಲಿಲ್ಲ. ಹಾಜರಿ ಕೂಗಿದರೆ ಕೈ ಎತ್ತುವಳು. ಬಾಯಾರಿದರೆ ನಲ್ಲಿಯ ಕಡೆ ನೋಡುವಳು. ಕಾಲಿರುವ ದೋಣಿ ಕೊಟ್ಟರೆ ಕಾಲುಗಳನ್ನು ಸುಮ್ಮನೆ ಕಿತ್ತು, ದೋಣಿಯನ್ನು ವಾಪಸ್ ಕೊಟ್ಟಳು. ಮೇಡಂ ಅದನ್ನು ಬಸ್ಸಿನಲ್ಲಿ ನನಗೆ ಹೇಳಿ ನಕ್ಕರು. ಆದರೆ ಆ ನಗುವಿನಲ್ಲಿ ಒಂದು ಹಟ ಕೂತಿದ್ದು ನನಗೆ ಕಂಡಿತ್ತು.

ಎಷ್ಟೋ ತಿಂಗಳು ಹಾಗೇ ಹೋಯಿತು. ಆಮೇಲೆ ಮೇಡಂ ತರಗತಿಗೆಲ್ಲ ಮನೆ ಮಾಡುವ ಕೆಲಸ ಕೊಟ್ಟರು. ಹಳೆಯ ಲಗ್ನಪತ್ರಿಕೆಗಳ ದಪ್ಪ ಕಾಗದದಲ್ಲಿ ಅವರವರ ಮನೆ. ಬಾಗಿಲು ಕಿಟಕಿಗಳನ್ನು ತೆಗೆದು ಹಾಕುವ ಹಾಗೆ ಕತ್ತರಿಸಬೇಕು. ಒಂದೊಂದು ಬಾಗಿಲು ತೆಗೆದಾಗಲೂ ಒಳಗೆ ಯಾರಿದ್ದಾರೆ, ಏನು ಮಾಡುತ್ತಿದ್ದಾರೆ ಎಂದು ಹೇಳಬೇಕು. ಧನ್ಯ ಅಚ್ಚುಕಟ್ಟಾಗಿ ಮನೆ ಮಾಡಿದಳು. ಒಂದು ಬಾಗಿಲನ್ನು ಮಾತ್ರ ಅಂಟು ಹಾಕಿ ಮುಚ್ಚಿದ್ದಳು. ಮೇಡಂ ಅದನ್ನು ಉಗುರಿನಿಂದ ಎಬ್ಬಿಸಲು ಹೋದರು. "ಇದ್ಯಾಕೆ ಬರ್ತಾ ಇಲ್ಲ? ಇದು ಗೋಡೆ ಇರ್ಬೇಕು, ಅಲ್ವಾ? ಇಲ್ಲಿ ಯಾರೂ ಇಲ್ಲ, ಅಲ್ವಾ?"

ಅವರ ಹಳೆಯ ತಂತ್ರವೇ, ತಪ್ಪು ಹೇಳುವುದು. ಹುಡುಗಿ ತಿದ್ದಿದಳು.

ಮೇಡಂ ಪಾಠದ ಮಧ್ಯದಲ್ಲೇ ಎದ್ದು ಸ್ಟಾಫ್ ರೂಮಿಗೆ ಓಡಿ ಬಂದರು. ಕಣ್ಣಲ್ಲಿ ನೀರು ತುಂಬಿತ್ತು. ಎರಡೂ ಕೈಯ ಬೆರಳು ಮಡಚಿಕೊಂಡಿದ್ದರು. "ಮಾತಾಡಿದ್ಲು ಕಣೇ! ಹನ್ನೊಂದು ಪದ! ಒಂದೇ ಉಸಿರಲ್ಲಿ! ಅಜ್ಜಿ, ಬಾಗಿಲು, ಏನೋ ಮನೆ ವಿಷಯ. ಕ್ರಿಯಾಪದ ಎಲ್ಲಾ ಸರಿಯಾಗಿ ಬಂತು!" ನಮ್ಮ ಹೆಡ್ಮಾಸ್ಟರು, ಎಚ್ಚೆಮ್ಮು, ಸಂತೋಷಪಟ್ಟು ಎಲ್ಲರಿಗೂ ಟೀ ತರಿಸಿದರು. ಏನೋ ಮನೆ ವಿಷಯ ಎಂದರೆ ಏನು ಎಂದು ನಾವು ಯಾರೂ ಯೋಚಿಸಲಿಲ್ಲ. ಟೀ ಕುಡಿದೆವು.

ಮುಂದಿನ ಶನಿವಾರ ಪೋಷಕರ ಸಭೆ. ಶಾಲೆಯ ಮುಂದೆ ಶಾಮಿಯಾನ, ಮೈಕು. ಮಕ್ಕಳು ತಾವು ಮಾಡಿದ ಮನೆ ಹಿಡಿದು ಒಬ್ಬೊಬ್ಬರೇ ಬಂದು ಹೇಳಿದರು. ಒಬ್ಬನ ಮನೆಯಲ್ಲಿ ಎಮ್ಮೆ, ಇನ್ನೊಬ್ಬಳ ಮನೆಯಲ್ಲಿ ಹೊಸ ಟಿವಿ. ಜನ ನಗುತ್ತಿದ್ದರು. ಧನ್ಯಳ ತಾಯಿ ರಜೆ ಹಾಕಿ ಬಂದಿದ್ದರು. ಸೆರಗು ಹೊದ್ದುಕೊಂಡು ಹಿಂದಿನ ಸಾಲಿನಲ್ಲಿ ಕೂತಿದ್ದರು. ಮಗಳು ಎಲ್ಲ ಬಾಗಿಲು ತೆಗೆದು ತೋರಿಸಿದಳು, ಮಾತಿಲ್ಲ. ಮೇಡಂ ಅವಳ ಬೆನ್ನಿನ ಮೇಲೆ ಕೈ ಇಟ್ಟು ಬಗ್ಗಿದರು.

"ಈ ಬಾಗಿಲ ಹಿಂದೆ ಏನಿದೆ ಪುಟ್ಟಾ? ಮೊನ್ನೆ ಹೇಳಿದ್ಯಲ್ಲ, ಅದೇ."

ಹುಡುಗಿ ತಲೆ ಅಲ್ಲಾಡಿಸಿದಳು.

"ನನ್ನ ಬಂಗಾರ ಅಲ್ವಾ? ಅಮ್ಮನೂ ಕೇಳ್ಲಿ."

ಹುಡುಗಿ ತಾಯಿಯ ಕಡೆ ಒಮ್ಮೆ ನೋಡಿ, ಮೈಕಿನ ಮುಂದೆ ಒಂದೇ ಉಸಿರಿನಲ್ಲಿ ಹೇಳಿಬಿಟ್ಟಳು. "ಅಮ್ಮ ಅಜ್ಜಿನ ಒಳಗಡೆ ಕೂಡಿ ಬೀಗ ಹಾಕಿ ಫ್ಯಾಕ್ಟ್ರಿಗೆ ಹೋಗ್ತಾಳೆ, ಅಜ್ಜಿ ಬಾಗ್ಲು ಬಡೀತಾಳೆ."

ಮೊದಲು ಚಪ್ಪಾಳೆ ತಟ್ಟಿದವರು ಮೇಡಂ. ಅವರ ಮುಖ ಹೊಳೆಯುತ್ತಿತ್ತು. ಅವರು ತಟ್ಟಿದ್ದು ನೋಡಿ ನಾನೂ ತಟ್ಟಿದೆ. ನಮ್ಮಿಬ್ಬರ ಚಪ್ಪಾಳೆ ಬಿಟ್ಟರೆ ಶಾಮಿಯಾನದ ಕೆಳಗೆ ಸದ್ದೇ ಇರಲಿಲ್ಲ. ಮುಂದಿನ ಸಾಲಿನ ಒಬ್ಬ ಮುದುಕ ಕುರ್ಚಿಯಲ್ಲೇ ಹಿಂದಕ್ಕೆ ತಿರುಗಿ, "ಏನವ್ವಾ, ಈಗ್ಲೂ ಅತ್ತೇನ ಕೂಡಾಕ್ಬುಟ್ಟೇ ಬಂದಿದ್ದೀಯಾ?" ಎಂದು ಗಟ್ಟಿಯಾಗಿ ಕೇಳಿದ. ಯಾರೋ ಕಿಸಕ್ಕನೆ ನಕ್ಕರು. ಧನ್ಯಳ ತಾಯಿ ಎದ್ದರು. ಜನರ ಕಾಲು ಸರಿಸಿಕೊಂಡು ಮುಂದೆ ಬಂದು, ಮಗಳ ಕೈಯಿಂದ ಕಾಗದದ ಮನೆ ತೆಗೆದು ಮೇಜಿನ ಮೇಲಿಟ್ಟು, ಮಗಳನ್ನು ಕರೆದುಕೊಂಡು ಹೋದರು. ಮೇಡಂ ಕಡೆ ನೋಡಲಿಲ್ಲ. ಮೇಡಂ ಕೈಗಳು ಎದೆಯ ಹತ್ತಿರ ಹಾಗೇ ನಿಂತಿದ್ದವು. ಆಗ ಅವರಿಗೆ ಹುಡುಗಿಯ ಮಾತು ಕೇಳಿಸಿತು ಎಂದು ಕಾಣುತ್ತದೆ.

ಸಭೆ ಮುಗಿದ ಮೇಲೆ ಮೇಡಂ ಧನ್ಯಳ ಮನೆಗೆ ಹೋದರು. ಒಬ್ಬರೇ ಹೋಗಲು ಧೈರ್ಯ ಬರದೆ ನನ್ನನ್ನೂ ಕರೆದರು. ಬಾಗಿಲು ತೆರೆದೇ ಇತ್ತು. ಅಜ್ಜಿ ನಡುಮನೆಯಲ್ಲಿ ಕೂತು ಮೊಸರನ್ನ ತಿನ್ನುತ್ತಿದ್ದರು. ತಲೆಗೆ ಎಣ್ಣೆ ಹಚ್ಚಿ ಬಾಚಿ, ಒಗೆದ ಸೀರೆ ಉಡಿಸಿದ್ದರು. ನಮ್ಮನ್ನು ನೋಡಿ "ಬಸ್ ಬಂತಾ?" ಎಂದರು. ಮತ್ತೆ ಮತ್ತೆ ಅದನ್ನೇ ಕೇಳುತ್ತಿದ್ದರು.

ಧನ್ಯಳ ತಾಯಿ ಕೂತುಕೊಳ್ಳಿ ಅನ್ನಲಿಲ್ಲ, ಹೋಗಿ ಅಂತಲೂ ಅನ್ನಲಿಲ್ಲ. "ಬಿಟ್ರೆ ರೋಡಿಗೆ ಹೋಯ್ತಾರೆ ಮಿಸ್. ಎರಡ್ ಸಲ ಲಾರಿ ಅಡಿಗೆ ಸಿಕ್ಕೋದು ತಪ್ಪೈತೆ. ಊಟ, ನೀರು, ಬಕೀಟು, ಎಲ್ಲಾ ಒಳಗಿಟ್ಟೇ ಬೀಗ ಹಾಕ್ತೀನಿ. ನಾನ್ ದುಡೀದಿದ್ರೆ ಆಗಲ್ಲ."

"ನನ್ನಿಂದ ತಪ್ಪಾಯ್ತಮ್ಮ" ಎಂದರು ಮೇಡಂ.

"ನನ್ ಮಗ್ಳು ಸುಳ್ ಹೇಳ್ಲಿಲ್ಲ ಬುಡಿ. ಯಾರ್ಗೂ ಹೇಳ್ಬ್ಯಾಡ ಅಂದಿದ್ದೆ. ಅದೊಂದ್ ಬಿಟ್ಟು ಬ್ಯಾರೆ ಎಲ್ಲಾ ಮಾತಾಡು ಅಂತ ಹೇಳ್ಬೇಕಿತ್ತು, ಹೇಳ್ಲಿಲ್ಲ. ಅವ್ಳು ಎಲ್ಲಾ ಮಾತೂ ಬಿಟ್ಬುಟ್ಲು." ಆಮೇಲೆ ಮೇಡಂ ಮುಖವನ್ನು ನೇರವಾಗಿ ನೋಡಿದರು. "ನಿಮಗೆ ಮೊದ್ಲೇ ಹೇಳಿದ್ಲಂತಲ್ಲ ಮಿಸ್. ಅವತ್ತು ನೀವು ಕೇಳಿಸ್ಕೊಂಡಿದ್ರೆ, ಮೊದ್ಲು ನನ್ ಹತ್ರ ಬರ್ತಿದ್ರಿ."

ಧನ್ಯ ಅಡುಗೆಮನೆಯ ಗೋಡೆಗೆ ಒರಗಿ ನಿಂತಿದ್ದಳು. ಮೇಡಂ ಅವಳ ಕಡೆ ಒಂದು ಹೆಜ್ಜೆ ಇಟ್ಟರು. ಅವಳು ಒಳಗೆ ಹೋದಳು.

ಮಾತು ಊರಿನಲ್ಲಿ ನಿಲ್ಲಲಿಲ್ಲ. ಎರಡು ದಿನಕ್ಕೇ ಕೊತ್ತಗೆರೆಯಿಂದ ಅಜ್ಜಿಯ ಮಗಳು ಕಾರು ಮಾಡಿಕೊಂಡು ಬಂದರು. "ದನ ಕಟ್ದಂಗೆ ನಮ್ಮವ್ವನ್ನ ಕಟ್ಟಾಕಿದ್ದೀಯಲ್ಲೇ" ಎಂದು ಬೀದಿಯಲ್ಲಿ ನಿಂತು ಕೂಗಾಡಿ, ತಾಯಿಯನ್ನು ಕರೆದುಕೊಂಡು ಹೋದರು. ಅಲ್ಲಿ ಯಾರೂ ಬೀಗ ಹಾಕಲಿಲ್ಲ. ಸ್ವಲ್ಪ ದಿನದಲ್ಲೇ ಅಜ್ಜಿ ಬೆಳಗಿನ ಜಾವ ಎದ್ದು ಹೊರಟರು. ಕುಣಿಗಲ್ ಬಸ್ ಸ್ಟ್ಯಾಂಡಿನ ಹತ್ತಿರ ಮೋರಿಯ ಪಕ್ಕ ಬಿದ್ದಿದ್ದವರನ್ನು ಯಾರೋ ಗುರುತಿಸಿ ಆಸ್ಪತ್ರೆಗೆ ಸೇರಿಸಿದರು. ಸೊಂಟದ ಮೂಳೆ ಮುರಿದಿತ್ತು. ನೋಡಿಕೊಳ್ಳುವುದು ತನ್ನಿಂದ ಆಗುವುದಿಲ್ಲ ಎಂದು ಮಗಳು ತಾಯಿಯನ್ನು ಮಲಗಿಸಿಕೊಂಡು ತಂದು, ಅದೇ ಸೊಸೆಯ ಮನೆಯಲ್ಲಿ ಬಿಟ್ಟು ಹೋದರು. ಈಗ ಬೀಗ ಬೇಕಿರಲಿಲ್ಲ. ಆದರೆ ಬಿಟ್ಟು ಹೋಗುವ ಹಾಗೂ ಇರಲಿಲ್ಲ. ಧನ್ಯಳ ತಾಯಿ ಕೆಲಸ ಬಿಟ್ಟರು. ಫ್ಯಾಕ್ಟರಿಯ ವ್ಯಾನು ಊರ ಮುಂದೆ ಅವರಿಗಾಗಿ ಹಾರ್ನ್ ಮಾಡುವುದನ್ನು ನಿಲ್ಲಿಸಿತು.

ಇದೆಲ್ಲ ತಿಳಿದ ದಿನ ಮೇಡಂ ಬಸ್ಸಿನಲ್ಲಿ ಮುಖಕ್ಕೆ ಸೆರಗು ಹಿಡಿದುಕೊಂಡು ಕೂತಿದ್ದರು. ಸಮಾಧಾನ ಹೇಳಬೇಕೆಂದು ನಾನು, "ನಿಮ್ಮ ತಪ್ಪೇನು ಮೇಡಂ, ಮೂಗಿ ಥರ ಇದ್ದ ಮಗು ಮಾತಾಡೋ ಹಾಗೆ ಮಾಡಿದ್ರಿ" ಎಂದೆ.

"ಮೂಗಿ ಅಲ್ಲ ಕಣೇ ಅದು. ಅಷ್ಟು ದಿನ ಮನೆ ಮರ್ಯಾದೆ ಕಾಯ್ತಾ ಇತ್ತು. ಏಳು ವರ್ಷದ ಮಗು." ಸೆರಗು ಇಳಿಸಿ, "ನಾನು ಬೆರಳು ಮಡಚ್ತಾ ಇದ್ದೆ" ಎಂದರು.

ಅದಾದ ಮೇಲೆ ಅವರು ಎಚ್ಚೆಮ್ಮಿಗೆ ಹೇಳಿ ಚಿಕ್ಕ ತರಗತಿಗಳನ್ನು ಬಿಟ್ಟರು. ಅವು ನನಗೆ ಬಂದವು. ಅವರು ಏಳನೇ ತರಗತಿಗೆ ಸಮಾಜ ಹೇಳಲು ಹೋದರು. ಅಲ್ಲಿ ಮಕ್ಕಳು ಉತ್ತರ ಹೇಳುವಾಗ ಮೇಡಂ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಲ್ಲುತ್ತಿದ್ದರು. ಹೊಸಬರು ಅದನ್ನು ಗತ್ತು ಅಂದುಕೊಂಡರು.

ಕಾಗದದ ಕೆಲಸ ನಿಲ್ಲಿಸಲು ಮಾತ್ರ ನನ್ನನ್ನು ಬಿಡಲಿಲ್ಲ. ನಾನು ಹೆದರಿದ್ದೆ, ಇನ್ನು ಮನೆ ಗಿನೆ ಮಾಡಿಸುವುದೇ ಬೇಡ, ಗಿಳಿ ನವಿಲು ಸಾಕು ಎಂದಿದ್ದೆ. "ಮನೇನೂ ಮಾಡ್ಸು" ಎಂದರು. "ಅಂಟಿಸಿರೋ ಬಾಗಿಲು ಇದ್ರೆ ಅದನ್ನ ಮುಟ್ಬೇಡ. ಮಗು ಏನಾದ್ರೂ ಹೇಳಿದ್ರೆ, ಅದನ್ನ ಬೇರೆಯವರಿಗೆ ಹೇಳೋ ಮೊದ್ಲು ಒಂದು ರಾತ್ರಿ ನಿನ್ನ ಹತ್ರಾನೇ ಇಟ್ಕೋ." ಆ ಎರಡು ಮಾತಿನ ಮೇಲೆ ನನ್ನ ಇಷ್ಟು ವರ್ಷದ ಪಾಠ ನಿಂತಿದೆ. ಬೆನ್ನಿಗೆ ಬೆನ್ನು ಹಚ್ಚಿ ಕೂತು ಮಡಚುವ ಆಟದಲ್ಲಿ ಧನ್ಯ ಪಕ್ಕದವಳಿಗೆ "ಅಲ್ಲಲ್ಲ, ಈ ಕಡೆ" ಎಂದು ಹೇಳಲು ಶುರು ಮಾಡಿದ್ದು ನನ್ನ ತರಗತಿಯಲ್ಲಿ. ನಾನು ಕೇಳಿಸಿಕೊಂಡೆ, ಯಾರಿಗೂ ಹೇಳಲು ಓಡಲಿಲ್ಲ. ಹೀಗೆ ಅವಳು ನಿಧಾನವಾಗಿ ಎಲ್ಲರ ಹಾಗೆ ಮಾತಾಡುವ ಹುಡುಗಿಯಾದಳು. ಮೇಡಂ ಒಬ್ಬರ ಹತ್ತಿರ ಬಿಟ್ಟು.

ಶನಿವಾರ ಅರ್ಧ ದಿನ ಶಾಲೆ. ಮೇಡಂ ಅವತ್ತು ನನ್ನ ಜೊತೆ ಬಸ್ಸಿಗೆ ಬರುತ್ತಿರಲಿಲ್ಲ. ಧನ್ಯಳ ಮನೆಗೆ ಹೋಗಿ ಜಗಲಿಯ ಮೇಲೆ ಕೂರುತ್ತಿದ್ದರು. ಮೊದಮೊದಲು ಅವಳ ತಾಯಿ ಒಳಗೆ ಕರೆಯಲಿಲ್ಲ. ಬೀದಿಯಲ್ಲಿ ಹೋಗುವವರು "ಏನ್ ಮೇಡಂ, ಇಲ್ಲಿ?" ಎಂದರೆ "ಹೀಗೇ" ಎನ್ನುತ್ತಿದ್ದರು. ಮುಖ ಕೆಂಪಾಗುತ್ತಿತ್ತು, ಆದರೂ ಮುಂದಿನ ಶನಿವಾರ ಮತ್ತೆ ಹೋಗುತ್ತಿದ್ದರು. ಒಂದು ದಿನ ಧನ್ಯಳ ತಾಯಿ ಔಷಧಿ ತರಲು ಗುಬ್ಬಿಗೆ ಹೋಗಲೇಬೇಕಾಗಿತ್ತು, ನೋಡಿಕೊಳ್ಳಲು ಯಾರೂ ಇರಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ಹೊರಗೆ ಬಂದು, "ಒಂದ್ ಗಂಟೆ ಒಳಗೆ ಕೂತ್ಕೊಳ್ಳಿ ಮಿಸ್. ಬೀಗ ಹಾಕಲ್ಲ" ಎಂದರಂತೆ. ಇದನ್ನು ನನಗೆ ಹೇಳುವಾಗ ಮೇಡಂ ನಗಲಿಲ್ಲ.

ಅಲ್ಲಿಂದ ಅದು ರೂಢಿಯಾಯಿತು. ಅಜ್ಜಿಯನ್ನು ಮಗ್ಗುಲು ಬದಲಿಸಿ ಮಲಗಿಸುವುದು, ಬೆನ್ನಿಗೆ ಪೌಡರ್ ಹಾಕುವುದು, ಬಟ್ಟೆ ಬದಲಿಸುವುದು ಎಲ್ಲವನ್ನೂ ಕಲಿತರು. ತಮ್ಮ ಅತ್ತೆಗೂ ಇಷ್ಟು ಮಾಡಿರಲಿಲ್ಲ ಎಂದು ಅವರೇ ಹೇಳಿದ್ದಾರೆ. ಒಂದು ಶನಿವಾರ ನಾನೂ ಹೋಗಿದ್ದೆ. ಅಜ್ಜಿ ಇವರನ್ನು ಕೊತ್ತಗೆರೆಯ ಮಗಳು ಅಂದುಕೊಂಡು ಏನೇನೋ ಹೇಳುತ್ತಿದ್ದರು. ಅರ್ಧ ಮಾತು ಅರ್ಥವೇ ಆಗುತ್ತಿರಲಿಲ್ಲ. ಮೇಡಂ ಕಿವಿಯನ್ನು ಅವರ ಬಾಯಿಯ ಹತ್ತಿರ ಇಟ್ಟು, "ಹೂಂ, ಆಮೇಲೆ?" ಅನ್ನುತ್ತಾ ಅಷ್ಟು ಹೊತ್ತೂ ಬಗ್ಗಿಕೊಂಡೇ ಕೂತಿದ್ದರು. ಇವರು ಬಂದ ಕೂಡಲೇ ಧನ್ಯ ಮಾತ್ರ ಪುಸ್ತಕ ಎತ್ತಿಕೊಂಡು ಹೊರಗೆ ಹೋಗುತ್ತಿದ್ದಳು. ಇವರು ಎದ್ದು ಹೋದ ಮೇಲೆಯೇ ಒಳಗೆ ಬರುತ್ತಿದ್ದಳು. "ಕರೀಲಾ ಮೇಡಂ?" ಎಂದು ಕೇಳಿದೆ. "ಬೇಡ. ಅವಳಿಗೆ ಬೇಡ ಅನ್ಸಿದ್ರೆ ಬೇಡ" ಎಂದರು.

ಅಜ್ಜಿ ಹಾಗೆಯೇ ಕೆಲವು ವರ್ಷ ಮಲಗಿದ್ದು ತೀರಿಕೊಂಡರು. ಧನ್ಯಳ ತಾಯಿ ಮತ್ತೆ ಫ್ಯಾಕ್ಟರಿಗೆ ಸೇರಿದರು. ಹಳಬರೆಂಬ ಲೆಕ್ಕ ಹೋಗಿ ಹೊಸದಾಗಿ ಸೇರಬೇಕಾಯಿತು. ಅಷ್ಟರಲ್ಲಿ ಮೇಡಂ ನಿವೃತ್ತಿಯೂ ಬಂತು. ಧನ್ಯ ಆಗ ಏಳನೇ ತರಗತಿ, ಮೇಡಂ ಅವರೇ ಸಮಾಜ ಹೇಳುತ್ತಿದ್ದರು. ಕೇಳಿದ ಪ್ರಶ್ನೆಗೆ ಪುಸ್ತಕದಲ್ಲಿರುವ ಉತ್ತರ ಹೇಳಿ ಕೂರುತ್ತಿದ್ದಳು, ಅಷ್ಟೆ.

ಬೀಳ್ಕೊಡುಗೆಯ ಬಗ್ಗೆ ಮಾತಾಡಲು ಸ್ಟಾಫ್ ರೂಮಿನಲ್ಲಿ ಸೇರಿದ್ದೆವು. ಎಚ್ಚೆಮ್ಮು ಹೊಸಬರು. ಅರ್ಧ ಕಥೆ ಕೇಳಿದ್ದವರು. "ನೀವು ಮಾತು ಕಲಿಸಿದ ಹುಡುಗಿ ಇದಾಳಂತಲ್ಲ ಮೇಡಂ, ಅವಳ ಕೈಲೇ ಎರಡು ಮಾತಾಡಿಸೋಣ, ಚೆನ್ನಾಗಿರುತ್ತೆ" ಎಂದರು.

ಮೇಡಂ ಧ್ವನಿ ಏರಿಸಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. "ಆ ಮಗೂನ ಇನ್ನೊಂದ್ಸಲ ಮೈಕ್ ಮುಂದೆ ನಿಲ್ಲಿಸಿದ್ರೆ ನಾನು ಅವತ್ತು ಬರೋದೇ ಇಲ್ಲ ಸಾರ್. ನಾನೇನೂ ಕಲಿಸ್ಲಿಲ್ಲ ಅವಳಿಗೆ."

ಸಮಾರಂಭ ಆಯಿತು. ಶಾಲು, ಹಾರ, ಹಣ್ಣಿನ ತಟ್ಟೆ. ಕಾಗದದಿಂದ ಮಾತು ಕಲಿಸಿದ ತಾಯಿ ಎಂದು ಒಬ್ಬರು ಹೊಗಳಿದರು. ಮೇಡಂ ಮಡಿಲಿನಲ್ಲಿದ್ದ ಹಣ್ಣುಗಳನ್ನೇ ನೋಡುತ್ತಾ ತಲೆ ತಗ್ಗಿಸಿಕೊಂಡಿದ್ದರು. ನೋಡಿದವರು ವಿನಯ ಅಂದುಕೊಂಡಿರಬೇಕು. ತಮ್ಮ ಸರದಿ ಬಂದಾಗ "ಎಲ್ಲರಿಗೂ ನಮಸ್ಕಾರ" ಎಂದಷ್ಟೇ ಹೇಳಿ ಕೂತರು.

ಊಟ ಮುಗಿದ ಮೇಲೆ ಅವರನ್ನು ಹುಡುಕಿಕೊಂಡು ಹೋದೆ. ಅಡುಗೆ ಕೋಣೆಯ ಹಿಂದೆ ಕೈ ತೊಳೆಯುವ ನಲ್ಲಿಯ ಹತ್ತಿರ ನಿಂತಿದ್ದರು. ಎದುರಿಗೆ ಧನ್ಯ. ಅವಳು ಮಾತಾಡುತ್ತಿದ್ದಳು. ಒಂದೆರಡು ಮಾತಲ್ಲ, ಬಹಳ ಹೊತ್ತು. ನಡುವೆ ಒಮ್ಮೆ ಸಿಟ್ಟು ಬಂದವಳಂತೆ ಕೈ ಬೀಸಿದಳು, ಒಮ್ಮೆ ಕಣ್ಣು ಒರೆಸಿಕೊಂಡಳು. ಮೇಡಂ ಕೈಯಿಂದ ನೀರು ತೊಟ್ಟಿಕ್ಕುತ್ತಿತ್ತು, ಒರೆಸಿಕೊಳ್ಳಲೂ ಇಲ್ಲ. ಅಲ್ಲಾಡದೆ ಕೇಳುತ್ತಿದ್ದರು. ನಾನು ದೂರದಲ್ಲೇ ನಿಂತೆ. ಕೊನೆಗೆ ಹುಡುಗಿ ಏನೋ ಒಂದು ಮಾತು ಹೇಳಿ, ಹಿಂತಿರುಗಿ ನೋಡದೆ ತರಗತಿಯ ಕಡೆ ನಡೆದಳು.

ಅವತ್ತು ಸಂಜೆ ಬಸ್ಸಿನಲ್ಲಿ ಹಾರದ ಹೂವೆಲ್ಲ ನಮ್ಮ ಕಾಲ ಹತ್ತಿರ ಉದುರುತ್ತಿತ್ತು. ನನ್ನಿಂದ ತಡೆಯಲಾಗಲಿಲ್ಲ.

"ಅಷ್ಟೊತ್ತು ಏನ್ ಹೇಳಿದ್ಲು ಮೇಡಂ?"

ಅವರು ನನ್ನ ಕಡೆ ತಿರುಗಿದರು. ಕೋಪವಿರಲಿಲ್ಲ.

"ಅದು ಅವಳು ನನಗೆ ಹೇಳಿದ್ದು ಕಣೇ" ಎಂದರು.

ತುಮಕೂರು ಬರುವವರೆಗೂ ನಾನು ಕಿಟಕಿಯಿಂದ ಮುಖ ತಿರುಗಿಸಲಿಲ್ಲ.